ಧೈರ್ಯವಾಗಿ ಕೇಳುವುದು ಅಹಂಕಾರವಲ್ಲ

‘ನನ್ನ ಸಿಟ್ಟು ತೆಗೆದುಬಿಡು’ ಎಂದು ದೇವರನ್ನು ಹಟ ಹಿಡಿದು ಬೇಡುವುದು ಅಹಂಕಾರವೇ, ‘ನಿನ್ನ ಚಿತ್ತದಂತೆ ಆಗಲಿ’ ಎಂದು ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಸುಮ್ಮನಿರಬೇಡಿ. ಬೈಬಲಿನಲ್ಲಿ ಲೂಕನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ, ಯೇಸು ಹೇಳಿದ ಎರಡು ಕಥೆಗಳಿವೆ. ಮೊದಲು ನ್ಯಾಯಕ್ಕಾಗಿ ನ್ಯಾಯಾಧಿಪತಿಯ ಬೆನ್ನು ಬಿಡದೆ ಕಾಡಿದ ವಿಧವೆ. ಅದಾದ ಮೇಲೆ ದೂರದಲ್ಲೇ ನಿಂತು, ತಲೆಯೆತ್ತಲಾಗದೆ, ತಾನು ಪಾಪಿ ಎಂದು ಎದೆ ಬಡಿದುಕೊಂಡ ಸುಂಕದವನು, ಅಂದರೆ ತೆರಿಗೆ ವಸೂಲಿ ಮಾಡುವವನು. ಪ್ರಾರ್ಥಿಸುವ ಒಬ್ಬೊಬ್ಬರ ಒಳಗೂ ಇವರಿಬ್ಬರೂ ಇರಬೇಕು: ಆ ವಿಧವೆಯ ಹಟ, ಆ ಸುಂಕದವನ ದೀನತೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಕೂಡ ಮೊದಲು ‘ಈ ಪಾತ್ರೆಯನ್ನು ತೊಲಗಿಸು’ ಎಂದು, ಅಂದರೆ ಬರಲಿರುವ ಸಂಕಟವನ್ನು ತಪ್ಪಿಸು ಎಂದು, ನೇರವಾಗಿ ಕೇಳಿ, ಆಮೇಲೆಯೇ ತಂದೆಯ ಚಿತ್ತಕ್ಕೆ ಒಪ್ಪಿಸಿದರು. ನಾವೋ ಎಷ್ಟೋ ಸಲ ಕೇಳುವ ಕಷ್ಟ ತಪ್ಪಿಸಿಕೊಳ್ಳಲು ‘ನಿನ್ನ ಚಿತ್ತ’ ಎಂದುಬಿಡುತ್ತೇವೆ.

‘ನನ್ನನ್ನು ಬದಲಾಯಿಸು’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ‘ನಿನ್ನೆ ರಾತ್ರಿ ಮಗನ ಮೇಲೆ ಕೂಗಾಡಿದೆ, ಅವನು ಹೆದರಿ ಊಟ ಬಿಟ್ಟು ಎದ್ದುಹೋದ’ ಎಂಬಷ್ಟು ಬಿಡಿಸಿ ಹೇಳಿ. ನನ್ನ ಪ್ರಕಾರ ದೀನತೆ ಎಂದರೆ ಇದೇ, ದನಿ ತಗ್ಗಿಸುವುದಲ್ಲ. ಹಾಗೆ ಹೇಳಿಕೊಂಡ ಮೇಲೆ ಬೈಬಲಿನ ಇಬ್ರಿಯರಿಗೆ ಬರೆದ ಪತ್ರ (4:16) ಹೇಳುವಂತೆ ಕೃಪಾಸನದ, ಅಂದರೆ ದೇವರ ಕೃಪೆಯ ಸಿಂಹಾಸನದ ಮುಂದೆ ಧೈರ್ಯವಾಗಿ ನಿಂತು ಕೇಳಿ.

ತಕ್ಷಣ ಉತ್ತರ ಸಿಗದೆ ಹೋದರೆ ಕುಗ್ಗಬೇಡಿ. ಅಪೊಸ್ತಲ ಪೌಲನು ಮೂರು ಸಾರಿ ಬೇಡಿಕೊಂಡರೂ, ಅವನು ‘ಶರೀರದಲ್ಲಿನ ಮುಳ್ಳು’ ಎಂದು ಕರೆದ ಬಾಧೆ ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಈ ರಾತ್ರಿ ಪ್ರಾರ್ಥನೆ ಮುಗಿಸಿ, ನೀವು ರೇಗಿದವರ ಹತ್ತಿರ ಹೋಗಿ ಕ್ಷಮೆ ಕೇಳಿ.