ಇಜಿಎಫ್‌ಆರ್ ಮ್ಯುಟೇಶನ್ ಇದ್ದರೆ ಮೆದುಳಿಗೇ ಹರಡುತ್ತಾ?

ತಂದೆಯವರ ಶ್ವಾಸಕೋಶದ ಕ್ಯಾನ್ಸರಿನ ರಿಪೋರ್ಟಿನಲ್ಲಿ 'ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್' (ಕೋಶದ ಬೆಳವಣಿಗೆಗೆ ಸಂಬಂಧಿಸಿದ ಇಜಿಎಫ್‌ಆರ್ ಜೀನಿನ ಒಂದು ತುಣುಕು ಕಳೆದುಹೋಗಿರುವ ಮ್ಯುಟೇಶನ್, ಅಂದರೆ ಬದಲಾವಣೆ) ಅಂತ ಬಂದಿದೆ, ಹಾಗಾದರೆ ಕ್ಯಾನ್ಸರ್ ಮೆದುಳಿಗೆ ಹರಡೋದು ಖಂಡಿತಾನಾ ಅಂತ ಕೇಳಿದ್ದೀರಿ. ಖಂಡಿತ ಅಂತೇನಿಲ್ಲ. ಸಾಧ್ಯತೆ ಜಾಸ್ತಿ, ಅಷ್ಟೇ.

ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಅಥವಾ ಎಎಲ್‌ಕೆ ಅನ್ನೋ ಇನ್ನೊಂದು ಜೀನಿನ ಬದಲಾವಣೆ ಇದ್ದವರಿಗೆ ಮೆದುಳಿಗೆ ಹರಡಿದ ಗಡ್ಡೆ ಹೆಚ್ಚಾಗಿ ಕಾಣುತ್ತದೆ. ಇಜಿಎಫ್‌ಆರ್‌ನಲ್ಲಿ ಹರಡುವ ಇನ್ನೊಂದು ಬಗೆಯೂ ಉಂಟು: ಸಿಟಿ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶದ ತುಂಬ ಮರಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಮೊದಲ ನೋಟಕ್ಕೆ ಟಿಬಿ ಅನ್ನಿಸಿಬಿಡುತ್ತದೆ. ಎಎಲ್‌ಕೆಯಲ್ಲಿ ಶ್ವಾಸಕೋಶದ, ಹೃದಯದ ಪೊರೆಯಲ್ಲಿ ನೀರು ತುಂಬುವುದು ಜಾಸ್ತಿ.

ಆದರೆ ಮೆದುಳಿನ ವಿಚಾರದಲ್ಲಿ ಸುಮ್ನೆ ಮ್ಯುಟೇಶನ್ ಒಂದನ್ನೇ ದೂರುವ ಹಾಗಿಲ್ಲ. ಈ ಬದಲಾವಣೆಯನ್ನೇ ಗುರಿ ಮಾಡುವ ಟಾರ್ಗೆಟೆಡ್ ಮಾತ್ರೆಗಳಿಂದ ಇವರು ಹೆಚ್ಚು ಕಾಲ ಬದುಕುತ್ತಾರೆ, ಹಾಗಾಗಿ ಹರಡಲು ಸಮಯವೂ ಸಿಗುತ್ತದೆ, ಅಲ್ವಾ? ಮೇಲಾಗಿ ಗೆಫಿಟಿನಿಬ್‌ನಂಥ ಹಳೇ ಮಾತ್ರೆ ಮೆದುಳಿನೊಳಗೆ ಅಷ್ಟಾಗಿ ಹೋಗುವುದಿಲ್ಲ. ಹೊಸ ಮಾತ್ರೆ ಒಸಿಮರ್ಟಿನಿಬ್ ಅದಕ್ಕಿಂತ ಚೆನ್ನಾಗಿ ಹೋಗುತ್ತದೆ.

ತಲೆನೋವು, ವಾಂತಿ ಇಲ್ಲದಿದ್ದರೂ ಮೆದುಳಿನ ಎಂಆರ್‌ಐ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಸಿಟಿಯಲ್ಲಿ ತಪ್ಪಿಹೋಗುವ ಸಣ್ಣ ಗಡ್ಡೆಯೂ ಅದರಲ್ಲಿ ಕಾಣಬಹುದು.