ಪಡಸಾಲೆಗೆ ಹೋದ ಹಾಸಿಗೆ

ನಾನು ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಪ್ತಸಲಹೆಗಾರ್ತಿ. ಇದು ತುಮಕೂರು ಕಡೆಯ ಒಂದು ಕುಟುಂಬದ ವಿಷಯ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಹೆಸರು ಬೇಡ, ಯಜಮಾನರು ಅಂತಲೇ ಕರೆಯುತ್ತೇನೆ.

ಅವರಿಗೆ 68 ವರ್ಷ. ತೆಂಗಿನ ತೋಟ ಇದೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದರು, ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದರು. ಆಮೇಲೆ ಸೊಂಟ ನೋವು ಶುರುವಾಯಿತು. ಒಂದು ವರ್ಷ ಎಣ್ಣೆ ತಿಕ್ಕಿಸಿಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಕಳೆದರು. ಕೊನೆಗೆ ಪಿಎಸ್ಎ ರಕ್ತ ಪರೀಕ್ಷೆ (ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಸೂಚಿಸುವ ಪರೀಕ್ಷೆ) ಮಾಡಿಸಿದಾಗ 186 ಬಂತು. ಸಾಮಾನ್ಯವಾಗಿ 4 ದಾಟಿದರೇ ಡಾಕ್ಟರು ಮುಂದಿನ ಪರೀಕ್ಷೆಯ ಯೋಚನೆ ಮಾಡುತ್ತಾರೆ. ಆ ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಖಚಿತವಾಯಿತು. ಬೋನ್ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಗೂ ಹರಡಿದ್ದು ಕಾಣಿಸಿತು.

ಈ ಕ್ಯಾನ್ಸರ್ ಬೆಳೆಯುವುದಕ್ಕೆ ಗಂಡಸರ ಹಾರ್ಮೋನೇ ಮೇವು. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗ್ಗಿನ್ಸ್ ಎಂಬ ವೈದ್ಯರು 1941ರಲ್ಲೇ ತೋರಿಸಿದ್ದರು, ಅದಕ್ಕೆ 1966ರಲ್ಲಿ ನೊಬೆಲ್ ಬಂತು. ನಿಲ್ಲಿಸುವುದಕ್ಕೆ ಎರಡು ದಾರಿ. ಕೆಲವು ತಿಂಗಳಿಗೊಮ್ಮೆ ಇಂಜೆಕ್ಷನ್, ಇಲ್ಲವೇ ಒಂದೇ ಸಲ ಎರಡೂ ವೃಷಣ ತೆಗೆಯುವ ಸಣ್ಣ ಆಪರೇಷನ್. ಪದೇ ಪದೇ ಓಡಾಡುವುದು, ಖರ್ಚು, ಎಲ್ಲಾ ಲೆಕ್ಕ ಹಾಕಿ ಯಜಮಾನರು ಆಪರೇಷನ್‌ಗೆ ಸಹಿ ಹಾಕಿದರು. ಜೊತೆಗಿದ್ದದ್ದು ಮಗ ಮಾತ್ರ. ಹೆಂಡತಿಗೆ "ಹರ್ನಿಯಾ ಆಪರೇಷನ್" ಅಂತ ಹೇಳಿದರು.

ಮೂರು ತಿಂಗಳಾದ ಮೇಲೆ ಮಗ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದ. "ಅಪ್ಪ ಊಟ ಮಾಡಲ್ಲ, ಅರಳಿಕಟ್ಟೆ ಕಡೆಗೂ ಹೋಗಲ್ಲ, ತೋಟಕ್ಕೂ ಹೋಗಲ್ಲ ಮೇಡಂ." ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಅದು ನನ್ನ ತಪ್ಪು. ಮಗನ ಮುಂದೆ ಯಾವ ಅಪ್ಪ ಈ ವಿಷಯ ಮಾತಾಡುತ್ತಾನೆ? ನಲವತ್ತು ನಿಮಿಷ ನೆಲ ನೋಡಿಕೊಂಡು ಕೂತಿದ್ದು ಎದ್ದು ಹೋದರು. ಹೊರಡುವಾಗ ಮಗ ಪಕ್ಕಕ್ಕೆ ಬಂದು, ಅಮ್ಮ ಕೇಳಿದರೆ ಹರ್ನಿಯಾ ಅಂತಲೇ ಹೇಳಿ ಅಂದ. ನಿಮ್ಮ ತಂದೆ ಒಪ್ಪದೆ ನಾನಾಗಿ ಏನೂ ಹೇಳುವುದಿಲ್ಲ, ಆದರೆ ಸುಳ್ಳನ್ನೂ ಹೇಳುವುದಿಲ್ಲ ಅಂದೆ.

ಮುಂದಿನ ಸಲ ಯಜಮಾನರನ್ನು ಒಬ್ಬರನ್ನೇ ಕರೆದೆ. ಮೊದಲು ತೆಂಗಿನ ನುಸಿ ರೋಗದ ಬಗ್ಗೆ ಮಾತಾಡಿದರು, ಕೊಬ್ಬರಿ ರೇಟಿನ ಬಗ್ಗೆ ಮಾತಾಡಿದರು. ನಾನು ಕೇಳುತ್ತಾ ಕೂತೆ. ಆಮೇಲೆ ಇದ್ದಕ್ಕಿದ್ದ ಹಾಗೆ, "ಹೋರಿಗೆ ಬೀಜ ಒಡೆಸಿದಂಗಾಯ್ತಲ್ಲ ತಾಯಿ ನನ್ನ ಬಾಳು" ಅಂದರು. ಅಷ್ಟು ಹೊರಗೆ ಬಂದ ಮೇಲೆ ಉಳಿದದ್ದೂ ಬಂತು. ದನಿ ಹೆಂಗಸರ ಹಾಗೆ ಆಗುತ್ತದೆ ಅಂತ ಹೆದರಿದ್ದರು, ಅದಕ್ಕೇ ಮಾತೇ ಕಡಿಮೆ ಮಾಡಿದ್ದರು. ರಾತ್ರಿ ಮೈಯೆಲ್ಲಾ ಬೆಂಕಿ ಹತ್ತಿಕೊಂಡ ಹಾಗಾಗಿ ಬೆವರುತ್ತಿತ್ತು. ಕ್ಯಾನ್ಸರ್ ಹೆಂಡತಿಗೂ ಮೊಮ್ಮಗುವಿಗೂ ಅಂಟುತ್ತದೆ ಅಂದುಕೊಂಡು ತಟ್ಟೆ, ಲೋಟ ಬೇರೆ ಇಟ್ಟುಕೊಂಡು, ಹಾಸಿಗೆಯನ್ನು ಪಡಸಾಲೆಗೆ ಹಾಕಿಕೊಂಡಿದ್ದರು.

ಮೊದಲು ಆ ಭಯಗಳಿಗೆ ಉತ್ತರ ಹೇಳಿದೆ. ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಬೆಳೆದ ಗಂಡಸಿನ ದನಿ ಈ ಆಪರೇಷನ್‌ನಿಂದ ಬದಲಾಗುವುದಿಲ್ಲ. ಆದರೆ ಆಸೆ ಕಡಿಮೆಯಾಗುತ್ತದೆ, ಸುಸ್ತು ಬರುತ್ತದೆ, ತೂಕ ಜಾಸ್ತಿಯಾಗಬಹುದು, ಎದೆ ಸ್ವಲ್ಪ ಊದಬಹುದು. ಇದನ್ನು ಮುಚ್ಚಿಡಲಿಲ್ಲ. ಆ ಬೆವರು ಹಾರ್ಮೋನ್ ನಿಂತದ್ದರಿಂದಲೇ ಬರುವುದು, ಮುಟ್ಟು ನಿಲ್ಲುವಾಗ ಹೆಂಗಸರಿಗೆ ಬರುವ ಹಾಗೆಯೇ ಅಂದೆ. "ಹಂಗಾದ್ರೆ ನಮ್ಮವಳಿಗೆ ಗೊತ್ತಿರುತ್ತೆ ಅದು" ಅಂದರು. ಹೆಂಡತಿಗೆ ಹೇಳುವ ಬಾಗಿಲು ಅಲ್ಲೇ ತೆರೆಯಿತು ಅಂತ ನನಗನ್ನಿಸಿತು. ಅವರೇ ಹೇಳಬೇಕು, ನಾನು ಪಕ್ಕದಲ್ಲಿರುತ್ತೇನೆ ಅಂತ ಮಾತಾಯಿತು.

ಅದಕ್ಕೂ ಮೊದಲು ಇನ್ನೊಬ್ಬರನ್ನು ಭೇಟಿ ಮಾಡಿಸಿದೆ. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು, ಇದೇ ಆಪರೇಷನ್ ಆಗಿ ನಾಲ್ಕು ವರ್ಷ. ಇಬ್ಬರ ಒಪ್ಪಿಗೆಯನ್ನೂ ಕೇಳಿದ್ದೆ. ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿ ನಾನು ಎದ್ದು ಬಂದೆ. ಒಂದು ಗಂಟೆ ಕೂತಿದ್ದರು. ಏನು ಮಾತಾಡಿದರೋ ನಾನು ಕೇಳಲಿಲ್ಲ. ವಾಪಸ್ ಬಂದು ಯಜಮಾನರು ಹೇಳಿದ್ದು ಒಂದೇ: "ಅವರ ದನಿ ಗಟ್ಟಿಯಾಗೇ ಐತೆ ತಾಯಿ." ನಾನು ಅದೇ ಮಾತು ಹೇಳಿದ್ದೆ, ಡಾಕ್ಟರೂ ಹೇಳಿದ್ದರು. ಆದರೆ ಅದೇ ದಾರಿ ನಡೆದವರ ಬಾಯಿಂದ ಕೇಳುವುದೇ ಬೇರೆ. ಸ್ತನ ಕ್ಯಾನ್ಸರ್ ಆದ ಹೆಂಗಸರು ವಾರ್ಡಿನಲ್ಲೇ ಒಬ್ಬರಿಗೊಬ್ಬರು ಗೆಳತಿಯರಾಗುತ್ತಾರೆ. ಗಂಡಸರಿಗೆ ಯಾರಾದರೂ ಕೂರಿಸಿ ಕೊಡಬೇಕು.

ಅಮ್ಮನವರು ಬಂದ ದಿನ ಯಜಮಾನರು ಅರ್ಧ ಹೇಳಿ ನಿಲ್ಲಿಸಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಮೂರು ತಿಂಗಳಿಂದ ಪಡಸಾಲೆಯಲ್ಲಿ ಮಲಗ್ತಾರೆ ಮೇಡಂ, ನಾನೇನು ತಪ್ಪು ಮಾಡಿದೆ ಅಂತ ದೇವರನ್ನ ಕೇಳ್ತಾ ಇದ್ದೆ" ಅಂದರು. ಯಾರೋ ಮಾಟ ಮಾಡಿಸಿದ್ದಾರೆ ಅಂತ ತಾಯತ ಬೇರೆ ಕಟ್ಟಿಸಿದ್ದರಂತೆ. ಉಳಿದರ್ಧವನ್ನು ಯಜಮಾನರು ಆಮೇಲೆ ಹೇಳಿದರು, ನನ್ನ ಮುಖ ನೋಡದೆ, ಹೆಂಡತಿಯ ಕಡೆ ತಿರುಗಿ.

ಆ ಕುಟುಂಬಕ್ಕೆ ಕೊಟ್ಟ ಸಲಹೆಗಳನ್ನೂ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು. ರಾತ್ರಿ ಹತ್ತಿಬಟ್ಟೆ ಹಾಕಿ, ಒದ್ದೆ ಟವೆಲ್ ಪಕ್ಕದಲ್ಲಿಡಿ, ಸಂಜೆ ಮೇಲೆ ಕಾಫಿ ಮತ್ತು ಖಾರ ಕಡಿಮೆ ಮಾಡಿ ನೋಡಿ. ದಿನಾ ನಡೆಯಿರಿ, ಸುಸ್ತಿಗೆ ಮಲಗುವುದಕ್ಕಿಂತ ನಡೆಯುವುದೇ ಮದ್ದು. ಹಾರ್ಮೋನ್ ನಿಂತರೆ ಮೂಳೆ ಸವೆಯುತ್ತದೆ, ಹಾಗಾಗಿ ಬಚ್ಚಲಲ್ಲಿ ಜಾರದ ಹಾಗೆ ನೋಡಿಕೊಳ್ಳಿ, ಕ್ಯಾಲ್ಸಿಯಂ ಮಾತ್ರೆಯನ್ನು ಡಾಕ್ಟರನ್ನು ಕೇಳಿ ತಗೊಳ್ಳಿ. ಬಿಪಿಎಲ್ ಕಾರ್ಡ್ ಇದ್ದುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ಚಿಕಿತ್ಸೆಗಾಗಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ ಅಂತಲೂ ತಿಳಿಸಿದೆ.

ಒಂದು ಮಾತನ್ನು ಅಮ್ಮನವರಿಂದ ಎರಡು ಸಲ ಹೇಳಿಸಿದೆ. ಕಾಲಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಮೂತ್ರ ಅಥವಾ ಮಲ ಹಿಡಿತಕ್ಕೆ ಸಿಗದಿದ್ದರೆ ಅವತ್ತೇ ಆಸ್ಪತ್ರೆಗೆ ಬರಬೇಕು. ಬೆನ್ನುಮೂಳೆಯ ಗಡ್ಡೆ ಒಳಗಿನ ನರಕ್ಕೆ ಒತ್ತಿದರೆ ಹೀಗಾಗುತ್ತದೆ, ತಡ ಮಾಡಿದರೆ ಕಾಲು ವಾಪಸ್ ಬರುವುದು ಕಷ್ಟ. ನಾಳೆ ನೋಡೋಣ ಅನ್ನುವ ಹಾಗೇ ಇಲ್ಲ.

ಮನಸ್ಸು ಕುಗ್ಗುವುದಕ್ಕೆ ಹಾರ್ಮೋನ್ ಇಳಿದದ್ದೂ ಕಾರಣ, ಅದು ಹೇಡಿತನ ಅಲ್ಲ ಅಂತ ಯಜಮಾನರಿಗೆ ಹೇಳಿದೆ. ರಾತ್ರಿ ಹೊತ್ತು ಬದುಕೇ ಬೇಡ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಂಬರನ್ನು ಅವರ ಫೋನಿಗೆ ಹಾಕಿಯೇ ಕಳಿಸಿದೆ.

ಮಗನಿಗೆ ಈಗ 44. ಅಪ್ಪನಿಗೆ ಅಥವಾ ಅಣ್ಣತಮ್ಮಂದಿರಿಗೆ ಬಂದಿದ್ದರೆ ಅಪಾಯ ಜಾಸ್ತಿ, ಆದ್ದರಿಂದ 45ರ ಹೊತ್ತಿಗೆ ಪಿಎಸ್ಎ ಬಗ್ಗೆ ಡಾಕ್ಟರ ಜೊತೆ ಮಾತಾಡಿ ಅಂದೆ. ಬರೀ ಪ್ರಾಸ್ಟೇಟ್ ಊದಿದ್ದರೂ, ಸೋಂಕಿದ್ದರೂ ಆ ನಂಬರ್ ಏರುತ್ತದೆ, ನಂಬರ್ ನೋಡಿಯೇ ಎದೆ ಒಡೆದುಕೊಳ್ಳಬಾರದು ಅಂತಲೂ ಹೇಳಿದೆ. ಆತ ನೋಡೋಣ ಅಂದಿದ್ದಾನೆ, ಇನ್ನೂ ಹೋಗಿಲ್ಲ.

ಕಳೆದ ಸಲ ಪಿಎಸ್ಎ 3ಕ್ಕೆ ಇಳಿದಿತ್ತು. ಕಾಯಿಲೆ ಪೂರ್ತಿ ಹೋಗಿಲ್ಲ, ಹತೋಟಿಯಲ್ಲಿದೆ, ಅದು ಮೂವರಿಗೂ ಗೊತ್ತು. ಹೊರಡುವಾಗ ಅಮ್ಮನವರು ನನ್ನ ಕೈ ಹಿಡಿದುಕೊಂಡು, "ಹಾಸಿಗೆ ಒಳಗೆ ಬಂತು ಮೇಡಂ" ಅಂದರು. ಯಜಮಾನರು ಈ ಸಲ ಒಬ್ಬರೇ ಬಂದಿರಲಿಲ್ಲ. ರಾತ್ರಿ ನಾಲ್ಕು ಸಲ ಏಳುವ ತಮ್ಮನನ್ನೂ ಬಸ್ಸಿಗೆ ಹತ್ತಿಸಿಕೊಂಡು ಬಂದು, ಪರೀಕ್ಷೆಗೆ ರಕ್ತ ಕೊಡುವ ಸಾಲಿನಲ್ಲಿ ನಿಲ್ಲಿಸಿದ್ದರು.