ಮೊದಲ ವರ್ಷ ಬಂದ ಸ್ಕಾಲರ್‌ಶಿಪ್ ಎರಡನೇ ವರ್ಷವೂ ಬರಬೇಕಾದರೆ ಎಷ್ಟು ಮಾರ್ಕ್ಸ್ ಬೇಕು?

ತಂಗೀ, ನೀನು ಕೇಳಿದ್ದು ಪಿಯುಸಿ ಅಂಕದ ಮೇಲೆ ಸಿಗುವ ಕೇಂದ್ರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಬಗ್ಗೆ ಅಲ್ವಾ? ಪದವಿಗೆ ವರ್ಷಕ್ಕೆ 12,000 ರೂಪಾಯಿ. ಅದು ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ರಿನ್ಯೂವಲ್ ಅರ್ಜಿ ಹಾಕಬೇಕು. ವಾರ್ಷಿಕ ಪರೀಕ್ಷೆಯಲ್ಲಿ ಕನಿಷ್ಠ 50% ಅಂಕ, ಜೊತೆಗೆ 75% ಹಾಜರಿ ಇರಬೇಕು.

ಅಂಕದ ಬಗ್ಗೆ ಎಲ್ಲರಿಗೂ ಭಯ. ನನಗೆ ಕೇಳಿದರೆ ನಮ್ಮ ಕಡೆ ಹಾಜರಿಯೇ ದೊಡ್ಡ ಚಿಂತೆ. ನನ್ನ ಅಕ್ಕನ ಮಗಳು ಅಂಕೋಲಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಜುಲೈ ಮಳೆಯಲ್ಲಿ ಬಸ್ಸು ತಡವಾಗಿ, ಒದ್ದೆ ಕೊಡೆ ಹಿಡಿದು ಅವಳು ಕ್ಲಾಸಿಗೆ ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಒಂದು ವಿಷಯಕ್ಕೆ 60 ಕ್ಲಾಸ್ ಇದ್ದರೆ 15ಕ್ಕಿಂತ ಜಾಸ್ತಿ ತಪ್ಪುವಂತಿಲ್ಲ. ವಾರಕ್ಕೆ ಎರಡು ತಪ್ಪಿದರೂ ಎರಡು ತಿಂಗಳಲ್ಲಿ ಅದು ಮುಗಿದೇ ಹೋಗುತ್ತದೆ. ಡಿಸಿ ರಜೆ ಕೊಟ್ಟ ದಿನ ಕ್ಲಾಸೇ ನಡೆಯುವುದಿಲ್ಲ, ಅದಕ್ಕೆ ಹೆದರಬೇಡ. ತಿಂಗಳಿಗೊಮ್ಮೆ ಹಾಜರಿ ಎಷ್ಟಾಗಿದೆ ಎಂದು ಕಾಲೇಜಿನಲ್ಲಿ ಕೇಳಿಕೋ.

ರಿನ್ಯೂವಲ್ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಹಾಕಿ ಸುಮ್ನೆ ಕೂರಬೇಡ. ಕಾಲೇಜಿನವರು ಅದನ್ನು ವೆರಿಫೈ ಮಾಡಿದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದೂ ಈಗಲೇ ನೋಡು.